ಪೂಜೆಗೆ ಕೂತ ಕಾವಲು

ಮೈಸೂರಿನ ಅಗ್ರಹಾರದಲ್ಲಿ ಹಿತ್ತಾಳೆ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ವಜ್ರಕೋಟೆ ಸೈಬರ್ ಸರ್ವಿಸಸ್ ಎಂಬ ಕಂಪನಿ ಇದೆ. ಊರಿನ ಸಣ್ಣ, ಮಧ್ಯಮ ವ್ಯಾಪಾರಸ್ಥರ ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವುದು ಅದರ ಕಸುಬು. ಸೀರೆ ಅಂಗಡಿಗಳು, ಊದುಬತ್ತಿ ತಯಾರಕರು, ಒಂದೆರಡು ಕಲ್ಯಾಣ ಮಂಟಪ, ಕೃಷ್ಣಮೂರ್ತಿಪುರಂನ ಒಂದು ನರ್ಸಿಂಗ್ ಹೋಂ ಅದರ ಗ್ರಾಹಕರು. ತಿಂಗಳ ಶುಲ್ಕ ಕಟ್ಟಿದವರ ಕಂಪ್ಯೂಟರಿನಲ್ಲಿ ಒಂದು ಕಾವಲು ತಂತ್ರಾಂಶ ಕೂರಿಸುತ್ತಾರೆ. ಅನುಮಾನ ಬರುವಂಥದ್ದೇನಾದರೂ ಕಂಡರೆ ಅದು ಅಗ್ರಹಾರಕ್ಕೆ ಎಚ್ಚರಿಕೆ ಕಳುಹಿಸುತ್ತದೆ. ಅಲ್ಲಿ ಕೂತವರು ಅದನ್ನು ನೋಡಿ, ಒಂದು ಗುಂಡಿ ಒತ್ತಿ, ಆ ಕಂಪ್ಯೂಟರನ್ನು ಉಳಿದವುಗಳಿಂದ ಬೇರ್ಪಡಿಸುತ್ತಾರೆ. ಇಡೀ ವ್ಯವಹಾರ ನಿಂತಿರುವುದು ಆ ಗುಂಡಿಯ ಮುಂದೆ ಯಾರಾದರೊಬ್ಬರು ಸದಾ ಕೂತಿರುತ್ತಾರೆ ಎಂಬ ನಂಬಿಕೆಯ ಮೇಲೆ.

ಮಾಲೀಕ ಮೃತ್ಯುಂಜಯ ಮೊದಲು ಯುಪಿಎಸ್ ಬ್ಯಾಟರಿ ಮಾರುತ್ತಿದ್ದ, ಆಮೇಲೆ ಸಿಸಿಟಿವಿ ಕ್ಯಾಮೆರಾ. ಕ್ಯಾಮೆರಾ ಮಾರುವಾಗ ಅವನು ಒಂದು ಪಾಠ ಕಲಿತ. ಜನ ಕೊಳ್ಳುವುದು ಕಾವಲನ್ನಲ್ಲ, ‘ಇಲ್ಲಿ ಕಾವಲಿದೆ’ ಎನ್ನುವ ಬೋರ್ಡನ್ನು. ಆದ್ದರಿಂದ ವಜ್ರಕೋಟೆಯ ಬಾಗಿಲು ತೆಗೆದ ಕೂಡಲೇ ಕಾಣುವುದು ಗೋಡೆಯಗಲದ ಒಂದು ಟಿವಿ. ಅದರಲ್ಲಿ ಕಪ್ಪು ಭೂಪಟ, ದೇಶದಿಂದ ದೇಶಕ್ಕೆ ಹಾರುವ ಕೆಂಪು ಗೆರೆಗಳು. ಹೊಸ ಗ್ರಾಹಕರು ಅದರ ಮುಂದೆ ನಿಂತು, “ಇಷ್ಟೊಂದು ದಾಳಿನಾ ಸರ್?” ಎನ್ನುತ್ತಿದ್ದರು. “ಎಲ್ಲಾ ಲೈವ್,” ಎನ್ನುತ್ತಿದ್ದ ಮೃತ್ಯುಂಜಯ. ಅದು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ವಿಡಿಯೋ. ಮುಗಿದೊಡನೆ ಮೊದಲಿನಿಂದ ಶುರುವಾಗುತ್ತಿತ್ತು. ನಿಜವಾದ ಎಚ್ಚರಿಕೆಗಳು ಬರುತ್ತಿದ್ದದ್ದು ಮೂಲೆಯ ಎರಡು ಚಿಕ್ಕ ಪರದೆಗಳಿಗೆ. ಅವುಗಳ ಮುಂದೆ ರಕ್ಷಿತಾ ಎಂಬ ಎಂಜಿನಿಯರ್ ಮತ್ತು ಅವಳ ಸಹೋದ್ಯೋಗಿ ಮೋಹನ್ ಪಾಳಿಯಲ್ಲಿ ಕೂರುತ್ತಿದ್ದರು. ಗ್ರಾಹಕರಲ್ಲಿ ಯಾರೂ ಆ ಮೂಲೆಯ ಕಡೆ ನೋಡಿದವರಲ್ಲ.

ಕೆಸರೆಯಲ್ಲಿ ಧಮ್ಮದೀಪ ಎಂಬ ರಕ್ತಪರೀಕ್ಷೆಯ ಲ್ಯಾಬ್ ನಡೆಸುವ ಗೌತಮಿ ಇವರ ಗ್ರಾಹಕಳಾದದ್ದು ಆ ಭೂಪಟ ನೋಡಿಯಲ್ಲ. ಕೃಷ್ಣಮೂರ್ತಿಪುರಂನ ನರ್ಸಿಂಗ್ ಹೋಂ ತನ್ನ ರೋಗಿಗಳ ರಕ್ತ, ಮೂತ್ರದ ಸ್ಯಾಂಪಲ್ಲುಗಳನ್ನು ಅವಳ ಲ್ಯಾಬಿಗೆ ಕಳುಹಿಸುತ್ತಿತ್ತು. ಲ್ಯಾಬಿನ ಅರ್ಧ ಕೆಲಸ ಅದೇ. ಅಲ್ಲಿನ ಆಡಳಿತಾಧಿಕಾರಿ ಸುಂದರೇಶ ಒಂದು ದಿನ ಫೋನು ಮಾಡಿ, “ಮೇಡಂ, ನಮ್ಮ ಪೇಶೆಂಟುಗಳ ಮಾಹಿತಿ ನಿಮ್ಮ ಕಂಪ್ಯೂಟರಲ್ಲಿರುತ್ತೆ. ನೀವೂ ವಜ್ರಕೋಟೆ ಹಾಕಿಸ್ಕೊಂಡ್ಬಿಡಿ. ಇಲ್ದಿದ್ರೆ ನಮ್ಮ ಡಾಕ್ಟ್ರು ಒಪ್ಪಲ್ಲ,” ಎಂದ. ಗೌತಮಿ ಹಾಕಿಸಿಕೊಂಡಳು. ವಜ್ರಕೋಟೆಯವರು ತಂತ್ರಾಂಶ ಕೂರಿಸಿದರು. ದಿನವೂ ಸಂಜೆ ಲ್ಯಾಬಿನ ಕಡತಗಳ ಒಂದು ಪ್ರತಿ ಅಗ್ರಹಾರದ ಸರ್ವರಿಗೆ ಹೋಗುವಂತೆ ಏರ್ಪಾಟು ಮಾಡಿದರು. ಹೋಗುವಾಗ ಗಾಜಿನ ಬಾಗಿಲಿಗೆ ಅಂಗೈಯಗಲದ ಒಂದು ಸ್ಟಿಕ್ಕರ್ ಅಂಟಿಸಿದರು. ಕೋಟೆಯ ಚಿತ್ರ, ಕೆಳಗೆ ‘ಹಗಲಿರುಳು ವಜ್ರಕೋಟೆಯ ಕಾವಲಿನಲ್ಲಿದೆ’ ಎಂಬ ಬರಹ.

ಹೀಗೆ ಹಗಲಿರುಳು ಎಂದು ಬರೆದುಕೊಟ್ಟ ಕಂಪನಿಯಲ್ಲಿ ಆಯುಧಪೂಜೆ ಬಂತು.

ಮೈಸೂರಿನಲ್ಲಿ ಆವತ್ತು ಬಸ್ಸು, ಲೇತು, ತಕ್ಕಡಿ, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ಪೂಜೆಯಾದ ಆಯುಧವನ್ನು ಮಾರನೆಯ ದಿನ ಪೂಜೆ ಕದಲಿಸುವವರೆಗೆ ಮುಟ್ಟುವುದಿಲ್ಲ. ಲೇತಿಗೆ ಒಂದು ದಿನ ರಜೆ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಪೊಲೀಸರೂ ಬಂದೂಕಿಗೆ ಪೂಜೆ ಮಾಡುತ್ತಾರೆ, ಆದರೆ ಠಾಣೆಗೆ ಬೀಗ ಹಾಕುವುದಿಲ್ಲ. ಈ ವ್ಯತ್ಯಾಸ ಮೃತ್ಯುಂಜಯನಿಗೆ ತಿಳಿಯದಷ್ಟು ಸೂಕ್ಷ್ಮವಾದದ್ದೇನೂ ಅಲ್ಲ. ಅವನು ಅದನ್ನು ಯೋಚಿಸುವ ಗೋಜಿಗೆ ಹೋಗಲಿಲ್ಲ, ಅಷ್ಟೆ.

“ಎಲ್ಲಾ ಆಫ್ ಮಾಡು ರಕ್ಷಿತಾ. ಸರ್ವರ್ರೂ,” ಎಂದ. ಅವನು ರೇಷ್ಮೆ ಪಂಚೆ ಉಟ್ಟು ಬಂದಿದ್ದ.

“ಸರ್, ಸರ್ವರ್ ಒಂದನ್ನ ಬಿಟ್ಬಿಡೋಣ. ಓಡ್ತಾ ಇರ್ಲಿ. ಮೇಲೊಂದು ಹೂ ಇಟ್ರೆ ಸಾಕು.”

“ಓಡ್ತಿರೋ ಗಾಡಿಗೆ ಯಾರಾದ್ರೂ ಪೂಜೆ ಮಾಡ್ತಾರೇನಮ್ಮ? ನಿಲ್ಸಿ, ತೊಳ್ದು ಮಾಡ್ತಾರೆ.”

“ಸರ್ವರ್ ತೊಳೆಯಕ್ಕಾಗಲ್ಲ ಸರ್.”

“ಒರೆಸಿದ್ರಾಯ್ತು.”

“ಅಲರ್ಟು ಬಂದ್ರೆ ಸರ್? ಯಾರ ಕಂಪ್ಯೂಟರಿಗಾದ್ರೂ ಏನಾದ್ರೂ ಆದ್ರೆ?”

“ಯಾರಿಗಾಗುತ್ತೆ? ಎಲ್ರೂ ಪೂಜೆ ಅಂತ ಮುಚ್ಚಿರ್ತಾರೆ. ಮುಚ್ಚಿದ ಅಂಗಡಿಗೆ ಕಳ್ಳ ಎಲ್ಲಿಂದ ಬರ್ತಾನೆ?”

ಮುಚ್ಚಿದ ಅಂಗಡಿಗಳಿಗೆಂದೇ ವರ್ಷಗಟ್ಟಲೆ ಕ್ಯಾಮೆರಾ ಮಾರಿದವನ ಮಾತು ಇದು. ರಕ್ಷಿತಾ ಸರ್ವರ್ ಆಫ್ ಮಾಡಿದಳು. ಕೋಣೆಯಲ್ಲಿ ಸದಾ ಇರುತ್ತಿದ್ದ ಫ್ಯಾನಿನ ಗುಯ್ಯೆನ್ನುವ ಸದ್ದು ನಿಂತು, ಕೆಳಗಿನ ಅಂಗಡಿಯ ಪಾತ್ರೆಗಳ ಸದ್ದು ಕೇಳತೊಡಗಿತು.

ಮೃತ್ಯುಂಜಯನ ತಾಯಿ ದಾಕ್ಷಾಯಣಮ್ಮ ಪ್ರತಿ ಪರದೆಯ ಮೇಲೂ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟರು. ಕೀಬೋರ್ಡುಗಳಿಗೆ ಸೇವಂತಿಗೆ ಬಂತು. ಕುಂಬಳಕಾಯಿ ಹಿಡಿದುಕೊಂಡು ಸುತ್ತ ನೋಡಿ, “ಇದ್ರಲ್ಲಿ ಮುಖ್ಯವಾದ್ದು ಯಾವ್ದೋ? ಯಾವ್ದರ ಮುಂದೆ ಒಡೀಲಿ?” ಎಂದು ಕೇಳಿದರು.

ಮೃತ್ಯುಂಜಯ ಗೋಡೆಯ ಟಿವಿಯನ್ನು ತೋರಿಸಿದ.

ಮೋಹನ್ ಫೋಟೋ ತೆಗೆದ. ಕತ್ತಲಾದ ಪರದೆಗಳ ಸಾಲು, ಅವುಗಳ ಮೇಲೆ ವಿಭೂತಿ, ಮುಂದೆ ಒಡೆದ ಕುಂಬಳಕಾಯಿ, ನಡುವೆ ಕೈಮುಗಿದು ನಿಂತ ಮಾಲೀಕ. ಫೋಟೋವನ್ನು ಮೃತ್ಯುಂಜಯ ಗ್ರಾಹಕರ ವಾಟ್ಸಾಪ್ ಗುಂಪಿಗೆ ತಾನೇ ಹಾಕಿದ. ‘ವಜ್ರಕೋಟೆಯ ಆಯುಧಗಳಿಗೆ ಪೂಜೆ. ನಿಮ್ಮ ರಕ್ಷಣೆಗೆ ಹಗಲಿರುಳು ಎಚ್ಚರ’ ಎಂದು ಕೆಳಗೆ ಬರೆದ. ನರ್ಸಿಂಗ್ ಹೋಮಿನ ಸುಂದರೇಶ ಮೊದಲಿಗನಾಗಿ ಕೈಮುಗಿದ ಚಿತ್ರ ಕಳುಹಿಸಿದ. ಸೀರೆ ಅಂಗಡಿಯವರು, ಊದುಬತ್ತಿಯವರು ಅವನನ್ನು ಅನುಸರಿಸಿದರು. ತಮ್ಮ ಕಾವಲುಗಾರ ಕಣ್ಣು ಮುಚ್ಚಿದ್ದಾನೆಂಬ ಚಿತ್ರವನ್ನು ನೋಡಿ ಇಡೀ ಗುಂಪು ಕೈಮುಗಿಯಿತು.

ಅದೇ ಹೊತ್ತಿಗೆ ಧಮ್ಮದೀಪ ತುಂಬಿ ತುಳುಕುತ್ತಿತ್ತು. ಊರಲ್ಲೆಲ್ಲ ಜ್ವರ. ಪ್ಲೇಟ್‌ಲೆಟ್ ಎಷ್ಟಿದೆ ಎಂದು ತಿಳಿಯದೆ ಡಾಕ್ಟರುಗಳು ಮುಂದಿನ ಮಾತೆತ್ತುತ್ತಿರಲಿಲ್ಲ. ಸುತ್ತಮುತ್ತಲ ಲ್ಯಾಬುಗಳು ಪೂಜೆಗೆಂದು ಮುಚ್ಚಿದ್ದವು. ಗೌತಮಿಯ ಮನೆಯವರು ಬೌದ್ಧರು. ಅವರು ರಜೆ ಮಾಡುವುದು ಮಾರನೆಯ ದಿನ, ವಿಜಯದಶಮಿಗೆ, ಧಮ್ಮದೀಕ್ಷೆಯ ನೆನಪಿಗೆ ವಿಹಾರಕ್ಕೆ ಹೋಗಲು. ಬಾಗಿಲ ಬಳಿ ಅವಳ ತಾಯಿ ಮಂಚಮ್ಮ ಟೋಕನ್ ಕೊಡುತ್ತ, ಮುಂದೆ ನುಗ್ಗುವವರನ್ನು ಗದರಿಸುತ್ತ ಕೂತಿದ್ದಳು. ಒಳಗೆ ಅಮರ್ ರಕ್ತ ತೆಗೆಯುತ್ತಿದ್ದ. ಅಮರ್ ಡಿಪ್ಲೊಮಾ ಮಾಡಿದ ಟೆಕ್ನಿಷಿಯನ್, ಇಬ್ಬರು ಮಕ್ಕಳ ತಂದೆ. ಲ್ಯಾಬು ಶುರುವಾದಂದಿನಿಂದಲೂ ಇದ್ದವನು. ರಕ್ತನಾಳ ಸಿಗದ ಮುದುಕಿಯರು ಅವನನ್ನೇ ಕೇಳಿಕೊಂಡು ಬರುತ್ತಿದ್ದರು.

ವರದಿ ಅಚ್ಚು ಹಾಕಲು ಹೋದ ಅಮರ್, “ಅಕ್ಕ, ಸ್ವಲ್ಪ ಬನ್ನಿ ಇಲ್ಲಿ. ಇದ್ಯಾಕೋ ಬೇರೆ ಥರ ಇದೆ,” ಎಂದು ಕೂಗಿದ.

ಕಂಪ್ಯೂಟರಿನಲ್ಲಿ ರೋಗಿಗಳ ಹೆಸರಿದ್ದ ಕಡೆಯೆಲ್ಲ ಅರ್ಥವಿಲ್ಲದ ಅಕ್ಷರಗಳು. ನೋಡುತ್ತಿದ್ದಂತೆ ಒಂದಾದ ಮೇಲೊಂದು ಕಡತ ಬದಲಾಗುತ್ತಿತ್ತು. ಆಮೇಲೆ ಪರದೆಯ ನಡುವೆ ಇಂಗ್ಲಿಷಿನ ಒಂದು ಪ್ರಕಟಣೆ ನಿಂತಿತು. ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬೀಗದ ಕೈ, ಕೊಡದಿದ್ದರೆ ರೋಗಿಗಳ ವಿವರ ಜಗತ್ತಿಗೆಲ್ಲ ಹಂಚುತ್ತೇವೆ ಎಂಬುದು ಸಾರಾಂಶ.

ಗೌತಮಿ ಗೋಡೆಯ ಬಳಿ ಬಗ್ಗಿ ಇಂಟರ್ನೆಟ್ಟಿನ ತಂತಿಯನ್ನು ಕಿತ್ತಳು. ಅಗ್ರಹಾರದಲ್ಲಿ ಯಾರೋ ಒಂದು ಗುಂಡಿ ಒತ್ತಿ ಮಾಡಬೇಕಿದ್ದ ಕೆಲಸ ಅದು. ಆಮೇಲೆ ವಜ್ರಕೋಟೆಯ ತುರ್ತು ಸಂಖ್ಯೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ‘ವಜ್ರಕೋಟೆಗೆ ಸ್ವಾಗತ, ನಮ್ಮ ತಜ್ಞರು ಈಗಲೇ ನಿಮ್ಮೊಡನೆ ಮಾತಾಡುತ್ತಾರೆ’ ಎಂದು ರಕ್ಷಿತಾಳ ಧ್ವನಿಮುದ್ರಣ ಹೇಳಿತು. ನಂತರ ವೀಣೆ ಶುರುವಾಯಿತು.

“ಯಾರಮ್ಮ ಅದು ಬಾರಿಸ್ತಿರೋದು?” ಎಂದಳು ಮಂಚಮ್ಮ.

“ಕಾವಲಿನವ್ರು ಕಣವ್ವ.”

“ಅಂಗಾದ್ರೆ ಕಳ್ಳ ಕಚೇರಿ ಕೇಳ್ಕೊಂಡೇ ಹೋಗ್ತನೆ ಬುಡು.”

ಎಷ್ಟು ಸಲ ಮಾಡಿದರೂ ವೀಣೆಯೇ. ಮೃತ್ಯುಂಜಯನ ಮೊಬೈಲು ಆಫ್ ಆಗಿತ್ತು. ಫೋಟೋ ಹಾಕಿದ ಮೇಲೆ ಅದನ್ನೂ ಪೂಜೆಗೆ ಇಟ್ಟಿದ್ದ.

ರಕ್ತಕಣ ಎಣಿಸುವ ಯಂತ್ರ ಮಾತ್ರ ಕೆಲಸ ಮಾಡುತ್ತಿತ್ತು. ಅದು ತನ್ನದೇ ಚಿಕ್ಕ ಚೀಟಿಯಲ್ಲಿ ಅಂಕಿಗಳನ್ನು ಅಚ್ಚು ಹಾಕುತ್ತದೆ, ಇತ್ತೀಚಿನ ಫಲಿತಾಂಶಗಳನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆವತ್ತು ಗೌತಮಿ ಮತ್ತು ಅಮರ್ ಚೀಟಿ ನೋಡಿಕೊಂಡು ವರದಿಗಳನ್ನು ಕೈಯಲ್ಲೇ ಬರೆದುಕೊಟ್ಟರು. ಮಧ್ಯಾಹ್ನ ನರ್ಸಿಂಗ್ ಹೋಮಿನಿಂದಲೂ ಸ್ಯಾಂಪಲ್ಲುಗಳು ಬಂದವು. ಬೇರೆ ಲ್ಯಾಬು ತೆರೆದಿಲ್ಲ, ಬೇಗ ಬೇಕು ಎಂದು ಅಲ್ಲಿಂದ ಫೋನೂ ಬಂತು. ಅವಕ್ಕೂ ವರದಿ ಹೋಯಿತು. ಸಂಜೆ ಗೌತಮಿ ಸೈಬರ್ ಪೊಲೀಸರಿಗೆ ದೂರು ಕೊಟ್ಟು ಬಂದಳು. ವಾಟ್ಸಾಪಿನಲ್ಲಿ ವಜ್ರಕೋಟೆಯ ಫೋಟೋ ನೋಡಿದ್ದು ಆಗಲೇ. ದೊಡ್ಡದು ಮಾಡಿ ನೋಡಿದಳು. ಮೂಲೆಯ ಎರಡು ಚಿಕ್ಕ ಪರದೆಗಳೂ ಕಪ್ಪಗಿದ್ದವು. ಸರ್ವರಿನ ಪೆಟ್ಟಿಗೆಯ ಮೇಲೆ ಹೂವಿತ್ತು, ಅದರ ಒಂದು ದೀಪವೂ ಉರಿಯುತ್ತಿರಲಿಲ್ಲ.

ಪೂಜೆ ಕದಲಿಸಿ ಸರ್ವರ್ ಹಾಕಿದಾಗ, ಗೌತಮಿ ತಂತಿ ಕೀಳುವ ಮುಂಚೆ ಹೊರಟು ಇಂಟರ್ನೆಟ್ಟಿನಲ್ಲೇ ಕಾದಿದ್ದ ಧಮ್ಮದೀಪದ ಎಚ್ಚರಿಕೆಗಳು ರಾಶಿರಾಶಿಯಾಗಿ ಬಂದು ಬಿದ್ದವು. ಕಾವಲು ತಂತ್ರಾಂಶ ಅಷ್ಟು ಹೊತ್ತೂ ಒಬ್ಬಂಟಿಯಾಗಿ ಕೂಗಿಕೊಂಡಿತ್ತು. ರಕ್ಷಿತಾ ಅವನ್ನೆಲ್ಲ ಓದಿದಳು. ರಕ್ತಕಣದ ಯಂತ್ರವನ್ನು ದೂರದಿಂದ ರಿಪೇರಿ ಮಾಡಲು ಅದರ ಕಂಪನಿಯವರಿಗೆಂದು ಇಟ್ಟಿದ್ದ ದಾರಿಯೊಂದರಿಂದ ಕಳ್ಳರು ನುಗ್ಗಿದ್ದರು. ಆ ದಾರಿ ಮುಚ್ಚುವುದು ವಜ್ರಕೋಟೆಯ ಕೆಲಸ, ಮುಚ್ಚಿದ್ದೇವೆಂದು ಬರೆದೂ ಕೊಟ್ಟಿದ್ದರು. ಒಳಬಂದ ಮೇಲೂ ಕಡತಗಳಿಗೆ ಕೈ ಹಾಕುವ ಮುಂಚೆ ಅವರು ಸಾಕಷ್ಟು ಹೊತ್ತು ಹುಡುಕಾಡಿದ್ದರು. ನೋಡುವವರಿದ್ದರೆ ಗುಂಡಿ ಒತ್ತಲು ಬೇಕಾದಷ್ಟು ಸಮಯವಿತ್ತು.

“ನರ್ಸಿಂಗ್ ಹೋಮಿಗೆ ಕಳ್ಸೋ ವರದೀಲಿ, ಲ್ಯಾಬಿನ ಸಿಬ್ಬಂದಿ ಯಾರೋ ಅಪರಿಚಿತ ಮೇಲ್ ತೆರೆದ್ರು ಅಂತ ಬರಿ,” ಎಂದ ಮೃತ್ಯುಂಜಯ.

“ಮೇಲ್ ಏನೂ ಇಲ್ಲ ಸರ್ ಇದ್ರಲ್ಲಿ.”

“ಎಲ್ಲಾ ಕಡೆ ಅದೇ ಆಗೋದು ಕಣಮ್ಮ. ಮನುಷ್ಯ ದೋಷ. ಪುಸ್ತಕದಲ್ಲೇ ಬರೆದಿದಾರೆ.”

ರಕ್ಷಿತಾ ಬರೆದಳು. ಬರೆಯುವಾಗ ಅವಳಿಗೆ ಬೇಸರವಾಯಿತು. ಬೇಸರದಿಂದ ಬರೆದ ಸುಳ್ಳು ಸಂತೋಷದಿಂದ ಬರೆದ ಸುಳ್ಳಿನಷ್ಟೇ ಚೆನ್ನಾಗಿ ಓದಿಸಿಕೊಳ್ಳುತ್ತದೆ.

ವರದಿ ನೋಡಿದ ಸುಂದರೇಶ, ‘ಸಿಬ್ಬಂದಿ ಯಾರೋ’ ಎಂದರೆ ಸಾಲದು, ಹೆಸರು ಬೇಕು ಎಂದ. ಮೃತ್ಯುಂಜಯ ಗೌತಮಿಗೆ ಫೋನು ಮಾಡಿದ. ಮಾತು ಬಹಳ ಸ್ನೇಹದಿಂದಿತ್ತು. ಅಗ್ರಹಾರದ ಪ್ರತಿಯಿಂದ ಕಡತಗಳನ್ನೆಲ್ಲ ವಾಪಸ್ ಹಾಕಿಕೊಡುವುದಾಗಿ ಹೇಳಿದ. ಮಾತಿನ ನಡುವೆ, “ಅಂದ್ಹಾಗೆ ಮೇಡಂ, ನಿಮ್ಮಲ್ಲಿ ಕಂಪ್ಯೂಟರ್ ಜಾಸ್ತಿ ಮುಟ್ಟೋದ್ಯಾರು?” ಎಂದು ಕೇಳಿದ.

“ನಮ್ಮ ಅಮರ್,” ಎಂದಳು ಗೌತಮಿ.

ತನಿಖೆ ಎಂದರೆ ಇಷ್ಟೇ. ಆ ಉತ್ತರ ಮಾರನೆಯ ದಿನ ವರದಿಯಲ್ಲಿ ಹೀಗೆ ಕಾಣಿಸಿಕೊಂಡಿತು: ‘ಘಟನೆಯ ಕಾರಣ: ಅಪರಿಚಿತ ಮೇಲ್ ತೆರೆದ ಟೆಕ್ನಿಷಿಯನ್ ಅಮರ್ ಅವರ ಅಜಾಗರೂಕತೆ.’ ಜೊತೆಗೆ ನರ್ಸಿಂಗ್ ಹೋಮಿನ ಪತ್ರ. ಅಮರ್‌ನನ್ನು ಕೆಲಸದಿಂದ ತೆಗೆದು, ವರದಿಗೆ ಒಪ್ಪಿಗೆಯ ಸಹಿ ಹಾಕಬೇಕು. ಇಲ್ಲದಿದ್ದರೆ ಸ್ಯಾಂಪಲ್ಲುಗಳನ್ನು ಬೇರೆಡೆಗೆ ಕಳುಹಿಸಲಾಗುವುದು.

ಅಮರ್ ಅದನ್ನು ಎರಡೆರಡು ಸಲ ಓದಿದ. “ಅಕ್ಕ, ನಾನು ಯಾವ ಈಮೇಲೂ ತೆಗ್ದಿಲ್ಲ. ನನಗೆ ಆ ಕಂಪ್ಯೂಟರಲ್ಲಿ ಈಮೇಲೇ ಇಲ್ಲ,” ಎಂದ.

“ಗೊತ್ತು ಕಣೋ.”

“ಈ ಊರಲ್ಲಿ ಎಲ್ಲಾ ಲ್ಯಾಬಿನವ್ರಿಗೂ ಒಬ್ರಿಗೊಬ್ರು ಗೊತ್ತು. ಪೇಶೆಂಟ್ ಮಾಹಿತಿ ಕಳ್ಳರಿಗೆ ಕೊಟ್ಟೋನು ಅಂತ ಹೆಸ್ರು ಬಂದ್ಬುಟ್ರೆ, ನನ್ನ ಕೈಗೆ ಯಾರು ಸಿರಿಂಜ್ ಕೊಡ್ತಾರೆ?”

ಅದು ನಿಜವೆಂದು ಗೌತಮಿಗೆ ಗೊತ್ತಿತ್ತು. ಸ್ಯಾಂಪಲ್ಲುಗಳು ನಿಂತರೆ ಲ್ಯಾಬು ಕುಂಟುತ್ತದೆ ಎನ್ನುವುದೂ ಗೊತ್ತಿತ್ತು. ಅವಳ ಬಳಿ ಫೋಟೋ ಇತ್ತು. ಫೋಟೋ ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ ಎಂದುಕೊಂಡು ಅಮರ್‌ನನ್ನು ಕರೆದುಕೊಂಡು ನರ್ಸಿಂಗ್ ಹೋಮಿಗೆ ಹೋದಳು. ಯಾರಿಗಾದರೂ ಎಂಬ ಮಾತಿನಲ್ಲಿ ಅವಳಿಗೆ ಅಷ್ಟು ವಿಶ್ವಾಸವಿತ್ತು.

ಅಮರ್‌ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ನರ್ಸಿಂಗ್ ಹೋಮಿನ ಒಡತಿ ಡಾಕ್ಟರ್ ಭಾನುಮತಿ, ಸುಂದರೇಶ, ಮೃತ್ಯುಂಜಯ ಇದ್ದರು. ಮೃತ್ಯುಂಜಯ ಎಲ್ಲರಿಗೂ ಕೋಟೆಯ ಚಿತ್ರವಿದ್ದ ಪೆನ್ನು ಹಂಚಿದ್ದ.

“ಆ ಹುಡುಗನ ತಪ್ಪು ಅಂತ ಗೊತ್ತಾದ ಮೇಲೆ ಇಟ್ಕೊಳ್ಳೋದು ಸರಿಯಲ್ಲ ಗೌತಮಿ,” ಎಂದು ಡಾಕ್ಟರ್ ಶುರು ಮಾಡಿದರು.

ಇಬ್ಬರು ಮಕ್ಕಳ ತಂದೆಯನ್ನು ಆ ಕೋಣೆಯಲ್ಲಿ ಎಲ್ಲರೂ ಹುಡುಗ ಎಂದೇ ಕರೆಯುತ್ತಿದ್ದರು.

ಗೌತಮಿ ಮೊಬೈಲನ್ನು ಮೇಜಿನ ಮೇಲಿಟ್ಟಳು. “ಡಾಕ್ಟ್ರೇ, ಇದು ವಜ್ರಕೋಟೆಯವ್ರೇ ಕಳ್ಸಿದ ಫೋಟೋ. ನಮ್ಮ ಕಂಪ್ಯೂಟರಿಗೆ ಕಳ್ಳ ನುಗ್ಗಿದ ದಿನದ್ದು. ನೋಡಿ, ಒಂದು ಪರದೇನೂ ಆನ್ ಇಲ್ಲ. ಸರ್ವರ್ರೂ ಇಲ್ಲ. ನಮ್ಮ ಲ್ಯಾಬಿನ ಎಚ್ಚರಿಕೆಗಳನ್ನ ನೋಡೋಕೆ ಯಾರೂ ಇರ್ಲಿಲ್ಲ. ನಾನು ಫೋನ್ ಮಾಡ್ದಾಗ ವೀಣೆ ಬರ್ತಿತ್ತು.”

ಡಾಕ್ಟರ್ ಭಾನುಮತಿ ಕನ್ನಡಕ ಹಾಕಿಕೊಂಡು ನೋಡಿದರು. ಸುಂದರೇಶ ನೋಡಿದ. ಇಷ್ಟು ದಿನ ಅವನ ಫೋನಿನಲ್ಲೇ ಇದ್ದ ಚಿತ್ರ ಅದು.

“ಏನ್ ಮೃತ್ಯುಂಜಯ, ಆಫ್ ಮಾಡಿದ್ರಾ?” ಎಂದರು ಡಾಕ್ಟರ್.

ಅವನು ತಡವರಿಸುತ್ತಾನೆಂದು ಗೌತಮಿ ಕಾದಳು. ಅವನು ತಡವರಿಸಲಿಲ್ಲ. “ಹೌದು ಮೇಡಂ. ಆಯುಧಪೂಜೆ ಅಲ್ವಾ,” ಎಂದ.

“ಓ, ಹೌದಲ್ಲ,” ಎಂದರು ಡಾಕ್ಟರ್.

“ಪೂಜೆ ಮಾಡಿದ್ಮೇಲೆ ಮುಟ್ಟೋಕಾಗಲ್ಲ ಅನ್ನಿ,” ಎಂದ ಸುಂದರೇಶ. “ನಮ್ಮನೇಲಿ ಸ್ಕೂಟರ್ರೇ ತೆಗೆಯಲ್ಲ.”

“ನಿಮ್ಮ ಆಪರೇಷನ್ ಥಿಯೇಟರಿಗೂ ಪೂಜೆ ಮಾಡಿದ್ರಿ ಅಲ್ವಾ ಡಾಕ್ಟ್ರೇ?” ಎಂದಳು ಗೌತಮಿ.

“ಮಾಡಿದ್ವಿ. ಪ್ರತಿ ವರ್ಷ ಮಾಡ್ತೀವಿ.”

“ಮಾಡಿ ಬೀಗ ಹಾಕಿದ್ರಾ?”

“ಅದು ಬೇರೆ. ಎಮರ್ಜೆನ್ಸಿ ಬಂದ್ರೆ?”

“ಇವ್ರು ಮಾರೋದೂ ಅದನ್ನೇ ಅಲ್ವಾ?”

ಡಾಕ್ಟರ್ ಕನ್ನಡಕ ತೆಗೆದರು. ಓದಿಕೊಂಡವರಿಗೆ ಉತ್ತರ ಇಲ್ಲದಿದ್ದಾಗ ಇಂಥ ಯಾವುದಾದರೂ ಒಂದು ಕೆಲಸ ಸಿಕ್ಕಿಬಿಡುತ್ತದೆ.

ಮೃತ್ಯುಂಜಯ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. “ಮೇಡಂ, ಒಂದು ವಿಷಯ ಯೋಚ್ನೆ ಮಾಡಿ. ಇವರ ಲ್ಯಾಬಿನ ಕಡತಗಳ ಪ್ರತಿ ಇದ್ದಿದ್ದು ನಮ್ಮ ಸರ್ವರಲ್ಲಿ. ಆವತ್ತು ಅದು ಆನ್ ಇದ್ದಿದ್ರೆ ಕಳ್ಳರು ಅದಕ್ಕೂ ಬರ್ತಿದ್ರು. ಆಫ್ ಇದ್ದಿದ್ದಕ್ಕೇ ಉಳೀತು. ಇವತ್ತು ಇವರ ಲ್ಯಾಬು ನಡೀತಿದ್ರೆ ಆ ಪೂಜೆಯಿಂದ.”

“ಹೌದಲ್ವಾ!” ಎಂದ ಸುಂದರೇಶ. ಅವನ ಮುಖ ನಿಜವಾಗಿಯೂ ಅರಳಿತು. “ನೋಡಿ ಮೇಡಂ, ದೇವರೇ ಬುದ್ಧಿ ಕೊಟ್ಟಂಗಾಯ್ತು.”

ಡಾಕ್ಟರ್ ಭಾನುಮತಿ ತಲೆಯಾಡಿಸಿದರು. ಕಾವಲುಗಾರ ಮಲಗಿದ್ದ ಎಂಬ ಆರೋಪ ಆ ಕೋಣೆಗೆ ಬಂದು, ಕಾವಲುಗಾರ ಮಲಗಿದ್ದರಿಂದ ಅವನ ಹಾಸಿಗೆ ಕಳುವಾಗಲಿಲ್ಲ ಎಂಬ ಸಮಾಧಾನವಾಗಿ ಬದಲಾಯಿತು. ಕಡತಗಳು ಉಳಿದದ್ದು ಸುಳ್ಳಲ್ಲ. ಸುಳ್ಳು ಯಾವಾಗಲೂ ಇಂಥ ಒಂದು ನಿಜದ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತದೆ.

“ಪ್ರತಿ ಉಳೀತು,” ಎಂದಳು ಗೌತಮಿ. “ಪೇಶೆಂಟ್ ವಿವರ ಕಳ್ಳರ ಕೈಗೆ ಹೋಯ್ತಲ್ಲ? ಅದನ್ನ ನಿಲ್ಸೋಕೆ ತಾನೆ ಇವ್ರಿರೋದು? ಪೂಜೆ ಮಾಡ್ಲಿ, ನಾನು ಬೇಡ ಅನ್ನಲ್ಲ. ಆವತ್ತು ಕಾಯಲ್ಲ ಅಂತ ಮುಂಚೆ ಒಂದು ಮಾತು ಹೇಳ್ಬೇಕಿತ್ತು. ನಾನೇ ತಂತಿ ಕಿತ್ತಿಟ್ಕೊಂಡು ಕೆಲ್ಸ ಮಾಡ್ತಿದ್ದೆ.”

ಸುಂದರೇಶ ಬಹಳ ಮೃದುವಾದ ಧ್ವನಿಯಲ್ಲಿ, “ನಿಮ್ಮವರಲ್ಲಿ ಆಯುಧಪೂಜೆ ಇಲ್ಲ ಅಲ್ವಾ ಮೇಡಂ?” ಎಂದು ಕೇಳಿದ.

“ಇಲ್ಲ.”

“ಅಲ್ಲ, ತಪ್ಪು ತಿಳ್ಕೋಬೇಡಿ. ಊರೆಲ್ಲಾ ಮುಚ್ಚಿರೋ ದಿನ ನೀವೊಬ್ರೇ ತೆಗ್ದಿದ್ರಿ. ತೆಗೀದೇ ಇದ್ದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ, ಅಷ್ಟೆ ನಾನು ಹೇಳೋದು.”

“ಆವತ್ತು ನಿಮ್ಮ ವಾರ್ಡಿನಿಂದ್ಲೇ ಸ್ಯಾಂಪಲ್ ಬಂದಿತ್ತು ಸುಂದರೇಶ್ ಅವರೇ. ಬೇಗ ಬೇಕು ಅಂತ ಫೋನೂ ಬಂದಿತ್ತು. ಜ್ವರ ಬಂದೋರಿಗೆ ನಾಳೆ ಬನ್ನಿ ಅನ್ನೋ ಪದ್ಧತೀನೂ ನಮ್ಮವರಲ್ಲಿ ಇಲ್ಲ.”

ಆಮೇಲೆ ಡಾಕ್ಟರ್, ಎಲ್ಲರಿಗೂ ಒಪ್ಪಿಗೆಯಾಗುವಂತೆ ಒಂದು ದಾರಿ ಹುಡುಕೋಣ ಎಂದರು. ಸುಂದರೇಶ ಅಲ್ಲೇ ವರದಿಯನ್ನು ತಿದ್ದಿದ. ‘ರಜಾದಿನದಂದು ಲ್ಯಾಬ್ ತೆರೆದಿದ್ದುದು ಹಾಗೂ ಟೆಕ್ನಿಷಿಯನ್ ಅಮರ್ ಅವರ ಅಜಾಗರೂಕತೆ’ ಎಂದಾಯಿತು. ಎಲ್ಲರಿಗೂ ಒಪ್ಪಿಗೆಯಾಗುವ ದಾರಿಯಲ್ಲಿ ಗೌತಮಿಯ ಪಾಲಿಗೆ ತಪ್ಪು ಒಂದಿದ್ದದ್ದು ಎರಡಾಯಿತು.

ಮೃತ್ಯುಂಜಯ ಅವಳ ಕಡೆ ಬಾಗಿ ತಗ್ಗಿದ ದನಿಯಲ್ಲಿ, “ಸಹಿ ಮಾಡ್ಬಿಡಿ ಮೇಡಂ. ಆ ಹುಡುಗನ್ನ ಸ್ವಲ್ಪ ದಿನ ಮನೇಲಿ ಕೂರ್ಸಿ. ಆಮೇಲೆ ಸದ್ದಿಲ್ದೆ ಕರ್ಕೊಳ್ಳಿ. ಯಾರು ಕೇಳ್ತಾರೆ?” ಎಂದ. ಅವನ ದನಿಯಲ್ಲಿ ಕೇಡಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದೇ ಅವನು ನಂಬಿದ್ದ.

“ಕಾಗದದ ಮೇಲೆ ಅವನ ಹೆಸರು ಎಷ್ಟು ದಿನ ಕೂತಿರುತ್ತೆ?”

“ಅದೆಲ್ಲಾ ಫೈಲಲ್ಲಿರುತ್ತೆ ಬಿಡಿ.”

ಗೌತಮಿ ಪೆನ್ನನ್ನು ಕೈಗೆತ್ತಿಕೊಂಡಿದ್ದಳು. ಬಾಗಿಲಿನ ಗಾಜಿನಾಚೆ ಅಮರ್‌ನ ಬೆನ್ನು ಕಾಣುತ್ತಿತ್ತು. ಪಕ್ಕದಲ್ಲಿದ್ದ ಯಾರೋ ಮುದುಕ ಡ್ರಿಪ್ ಹಾಕಿದ ಕೈಯನ್ನು ತೋರಿಸಿ ಏನೋ ಕೇಳುತ್ತಿದ್ದ. ಅಮರ್ ಬಾಗಿ, ಆ ಕೈಯನ್ನು ಹಿಡಿದು ನೋಡಿ, ಊತದ ಬಗ್ಗೆ ಹೇಳುತ್ತಿದ್ದ. ಬರುವ ತಿಂಗಳ ಬಾಡಿಗೆ, ಯಂತ್ರದ ಕಂತು, ಅರ್ಧ ಖಾಲಿಯಾಗುವ ಸ್ಯಾಂಪಲ್ಲಿನ ಫ್ರಿಜ್ಜು ಎಲ್ಲವೂ ಗೌತಮಿಯ ಕಣ್ಣ ಮುಂದೆ ಬಂದವು. ಅವಳು ಪೆನ್ನಿನ ಮುಚ್ಚಳ ಹಾಕಿ ಮೃತ್ಯುಂಜಯನ ಮುಂದಿಟ್ಟಳು.

“ನಾನು ಸಹಿ ಮಾಡಲ್ಲ. ನಿಮ್ಮ ಕೈಯಲ್ಲಾದ್ರೆ, ಅವನು ತೆಗ್ದ ಮೇಲ್ ಯಾವ್ದು ಅಂತ ತೋರ್ಸಿ.”

ಮೃತ್ಯುಂಜಯ ಸುಂದರೇಶನನ್ನು ನೋಡಿದ.

“ಯೋಚ್ನೆ ಮಾಡಿ ಮೇಡಂ,” ಎಂದ ಸುಂದರೇಶ. “ಸ್ಯಾಂಪಲ್ಲುಗಳು ಬೇರೆ ಕಡೆ ಹೋಗ್ಬೇಕಾಗುತ್ತೆ.”

“ಕಳ್ಸಿ. ಮುಂದಿನ ಆಯುಧಪೂಜೆ ದಿನ ಎಲ್ಲಿಗೆ ಕಳಿಸ್ತೀರಿ ಅನ್ನೋದನ್ನ ಮಾತ್ರ ಈಗ್ಲೇ ನೋಡಿಟ್ಕೊಳ್ಳಿ.”

ಹೊರಗೆ ಬಂದಾಗ ಅಮರ್ ಎದ್ದು ನಿಂತ. ಅವಳ ಮುಖ ನೋಡಿ, “ಅಕ್ಕ, ನಾನೇ ಬಿಟ್ಟೋದ್ರೆ ಎಲ್ಲಾ ಸರಿಹೋಗುತ್ತಾ?” ಎಂದ.

“ಬಿಟ್ಟೋಗಿ ಏನ್ ಮಾಡ್ತೀಯ? ಬೆಳಗಾಗ್ತಿದ್ದಂಗೇ ಶುಗರ್ ಪೇಶೆಂಟುಗಳು ಖಾಲಿ ಹೊಟ್ಟೇಲಿ ಬಂದು ನಿಂತಿರ್ತಾರೆ. ಅವ್ರಿಗೆ ಸೂಜಿ ನಾನು ಚುಚ್ಲಾ?”

“ನೀವು ಚುಚ್ಚಿದ್ರೆ ಅವ್ರು ವಾಪಸ್ ಬರಲ್ಲ ಅಕ್ಕ.”

“ಅದಕ್ಕೇ ಹೇಳ್ತಿರೋದು. ಗಾಡಿ ತೆಗಿ.”

ನರ್ಸಿಂಗ್ ಹೋಮಿನ ಸ್ಯಾಂಪಲ್ಲುಗಳು ನಿಂತವು. ಗೌತಮಿ ಪೊಲೀಸರಿಗೆ ಕೊಟ್ಟ ದೂರಿಗೆ ವಜ್ರಕೋಟೆಯ ಫೋಟೋವನ್ನೂ ಸೇರಿಸಿದಳು. ಯಂತ್ರದ ಕಂಪನಿಯವರನ್ನು ಕರೆಸಿ ನೋಡಿಸಿದಾಗ ರಿಪೇರಿಯ ದಾರಿ ತೆರೆದೇ ಇದ್ದದ್ದು ತಿಳಿದು, ಅದನ್ನು ಅವರಿಂದಲೇ ಮುಚ್ಚಿಸಿದಳು. ರಕ್ತಕಣದ ಯಂತ್ರದೊಳಗೆ ಉಳಿದಿದ್ದ ಆ ದಿನದ ಅಂಕಿಗಳನ್ನು ಅಮರ್ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ. ಕಳ್ಳರು ರೋಗಿಗಳ ವಿವರಗಳನ್ನು ಹಂಚಿದರೋ ಇಲ್ಲವೋ ಇಂದಿಗೂ ತಿಳಿದಿಲ್ಲ. ಸಹಿಯಿಲ್ಲದ ವರದಿ ಅಂತಿಮವಾಗಲಿಲ್ಲ. ಅಮರ್‌ನ ಹೆಸರಿದ್ದ ಜಾಗದಲ್ಲಿ ಸುಂದರೇಶ ಕೊನೆಗೆ ‘ಪರಿಶೀಲನೆಯಲ್ಲಿದೆ’ ಎಂದು ಬರೆಸಿದ. ಯಾರ ತಪ್ಪನ್ನೂ ಹೇಳಲಾಗದಾಗ ಕಚೇರಿಗಳು ಬರೆಯುವ ಮಾತು ಅದು. ಅಮರ್‌ಗೆ ಅಷ್ಟು ಸಾಕಾಗಿತ್ತು.

ಒಂದು ಮಧ್ಯಾಹ್ನ ಜನ ಕಡಿಮೆಯಿದ್ದಾಗ ಅವನು ಬ್ಲೇಡು ಹಿಡಿದು ಬಾಗಿಲಿನ ಸ್ಟಿಕ್ಕರ್ ಕೆರೆಯಲು ನಿಂತ. ಅದೇ ಹೊತ್ತಿಗೆ ಗೌತಮಿಯ ಮೊಬೈಲು ಸದ್ದು ಮಾಡಿತು. ಅವಳು ವಜ್ರಕೋಟೆಯ ಕಾವಲು ಬಿಡಿಸಿದ್ದರೂ ಗ್ರಾಹಕರ ಗುಂಪಿನಿಂದ ಅವಳನ್ನು ತೆಗೆಯುವುದನ್ನು ವಜ್ರಕೋಟೆಯವರು ಮರೆತಿದ್ದರು. ಮೃತ್ಯುಂಜಯನ ಸಂದೇಶ ದೊಡ್ಡ ಅಕ್ಷರಗಳಲ್ಲಿತ್ತು. ಇತ್ತೀಚಿನ ಒಂದು ದಾಳಿಯಲ್ಲಿ ಸರ್ವರ್ ಆಫ್ ಇದ್ದುದರಿಂದಲೇ ಗ್ರಾಹಕರೊಬ್ಬರ ಕಡತಗಳು ಸಂಪೂರ್ಣವಾಗಿ ಉಳಿದವು. ಈ ಅನುಭವದ ಆಧಾರದ ಮೇಲೆ ವಜ್ರಕೋಟೆ ‘ಪೂಜಾ ರಕ್ಷಣೆ’ ಎಂಬ ಹೊಸ ಸೌಲಭ್ಯ ಆರಂಭಿಸಿದೆ. ಇನ್ನು ಮುಂದೆ ಆಯುಧಪೂಜೆಯಂದು ಗ್ರಾಹಕರೂ ತಮ್ಮ ಯಂತ್ರಗಳನ್ನು ಬಂದ್ ಮಾಡಿ ಸುರಕ್ಷಿತವಾಗಿರಬೇಕು.

ಕೆಳಗೆ ಸುಂದರೇಶನ ಕೈಮುಗಿದ ಚಿತ್ರ. ಅದರ ಕೆಳಗೆ ಸೀರೆ ಅಂಗಡಿ. ಅದರ ಕೆಳಗೆ ಊದುಬತ್ತಿ.

ಗೌತಮಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಅಮರ್ ಬ್ಲೇಡು ನಿಲ್ಲಿಸಿ ನಕ್ಕ. ಮಂಚಮ್ಮ ನಗಲಿಲ್ಲ.

“ಅಲ್ಲ ಕಣಮ್ಮ, ಅವ್ರು ಮಲಗೋದಲ್ದೆ ಊರಿಗೆಲ್ಲಾ ಚಾಪೆ ಹಾಸ್ತಾವ್ರಲ್ಲ,” ಎಂದಳು.

ಗೌತಮಿ ಗುಂಪಿನಿಂದ ಹೊರಬಂದಳು. ಬಾಗಿಲಲ್ಲಿ ಕೋಟೆಯ ಚಿತ್ರ ಅರ್ಧ ಹರಿದು, ‘ಹಗಲಿರುಳು’ ಎಂಬುದಷ್ಟೇ ಗಾಜಿಗೆ ಅಂಟಿಕೊಂಡಿತ್ತು. ಅಮರ್ ಉಗುರಿನಿಂದ ಕೆರೆದ, ನೀರು ಹಾಕಿ ಉಜ್ಜಿದ.

“ಬರ್ತಿಲ್ಲ ಅಕ್ಕ. ಗಟ್ಟಿಯಾಗಿ ಹಿಡ್ಕೊಂಡೈತೆ.”

“ಅವ್ರು ಕೊಟ್ಟಿದ್ರಲ್ಲಿ ಗಟ್ಟಿಯಾಗಿದ್ದಿದ್ದು ಅದೊಂದೇ ಅಂಟು ಕಣೋ,” ಎಂದಳು ಮಂಚಮ್ಮ. “ಇರು, ಕೊಬ್ರಿ ಎಣ್ಣೆ ತತ್ತೀನಿ.”

ಅಷ್ಟರಲ್ಲಿ ಜ್ವರದ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಅಮರ್ ಬ್ಲೇಡನ್ನು ಪಕ್ಕಕ್ಕಿಟ್ಟು, ಕೈ ತೊಳೆದುಕೊಳ್ಳಲು ಒಳಗೆ ಹೋದ.